ಪಟ್ಟಿಗಳ ಹೊರಗೆ ಉಳಿದ ಚಿತ್ರಗಳು: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ

ಕುರೊಸಾವಾ, ಬರ್ಗ್‌ಮನ್, ಸತ್ಯಜಿತ್ ರಾಯ್ ಅವರ ಮುಖ್ಯ ಚಿತ್ರಗಳನ್ನು ನೋಡಿ ಮುಗಿಸಿದ್ದೇನೆ. ‘ನೋಡಲೇಬೇಕಾದ ಚಿತ್ರಗಳು’ ಎಂಬ ಯಾವ ಪಟ್ಟಿಯನ್ನು ತೆರೆದರೂ ಸುತ್ತಿ ಬಳಸಿ ಅವೇ ಹೆಸರುಗಳು ಎದುರಾಗುತ್ತವೆ. ಗುಣದಲ್ಲಿ ಯಾವುದಕ್ಕೂ ಕಡಿಮೆಯಿಲ್ಲದಿದ್ದರೂ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದ ಚಿತ್ರಗಳನ್ನು ತಿಳಿಸುವಿರಾ? ಹೆಸರಿನ ಜೊತೆಗೆ ಏಕೆ ನೋಡಬೇಕೆಂಬುದನ್ನೂ ಬರೆದರೆ ಉಪಕಾರವಾದೀತು.

ಉತ್ತರ 1

ಟರ್ಕಿಯ ಮೆಟಿನ್ ಎರ್ಕ್ಸಾನ್ ಅವರ ‘ಸುಸುಜ್ ಯಾಜ್’ (1963) ನೋಡಿ. ‘ನೀರಿಲ್ಲದ ಬೇಸಿಗೆ’ ಎಂದು ಅರ್ಥ. ತನ್ನ ಜಮೀನಿನಲ್ಲಿ ಹುಟ್ಟುವ ನೀರು ತನಗೊಬ್ಬನಿಗೇ ಸೇರಿದ್ದೆಂದು ಒಡ್ಡು ಕಟ್ಟಿ ಕೆಳಗಿನ ಹೊಲಗಳನ್ನು ಒಣಗಿಸುವ ಅಣ್ಣ, ಅದು ತಪ್ಪೆಂದು ಗೊತ್ತಿದ್ದೂ ಅವನಿಗೆ ಮಣಿಯುವ ತಮ್ಮ, ಆ ಮನೆಗೆ ತಮ್ಮನ ಹೆಂಡತಿಯಾಗಿ ಬರುವ ಹುಡುಗಿ, ಇಷ್ಟೇ ಕಥೆಯ ಬಂಡವಾಳ. ನೀರಿನ ಮೇಲಿನ ಹಕ್ಕನ್ನು ಸಾಧಿಸಿದ ಕೈ ತಮ್ಮನ ಹೆಂಡತಿಯ ಕಡೆಗೂ ಚಾಚುವುದನ್ನು ಕ್ಯಾಮೆರಾ ಎಲ್ಲಿಯೂ ವಿವರಿಸುವುದಿಲ್ಲ, ಸುಮ್ಮನೆ ತೋರಿಸುತ್ತದೆ.

ಉತ್ತರ 2

‘ಸುಸುಜ್ ಯಾಜ್’ 1964ರಲ್ಲಿ ಬರ್ಲಿನ್ ಚಲನಚಿತ್ರ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿಯನ್ನು ಪಡೆದ ಚಿತ್ರ. ಹಾಗಿರುವಾಗ ಕಡೆಗಣಿತವೆನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನನ್ನ ಅನುಭವದಲ್ಲಿ ಪ್ರಶಸ್ತಿಗಿಂತ ಚಿತ್ರದ ಪ್ರತಿ ಉಳಿಯುವುದೇ ದೊಡ್ಡ ಮಾತು. ಇರಾನಿನ ಮೊಹಮ್ಮದ್ ರೆಜಾ ಅಸ್ಲಾನಿ 1976ರಲ್ಲಿ ಮಾಡಿದ ‘ಶತ್ರಂಜ್-ಎ-ಬಾದ್’, ಅಂದರೆ ‘ಗಾಳಿಯ ಚದುರಂಗ’, ಆರಂಭದ ಪ್ರದರ್ಶನದಲ್ಲೇ ಸೋತು, 1979ರ ಕ್ರಾಂತಿಯ ನಂತರ ಕಾಣೆಯೇ ಆಗಿತ್ತು. ಅದರ ನೆಗೆಟಿವ್ 2014ರಲ್ಲಿ ಟೆಹ್ರಾನಿನ ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ದೊರೆತು, 2020ರಲ್ಲಿ ಪುನರುಜ್ಜೀವನಗೊಂಡಿತು. ಮನೆಯೊಡತಿಯ ಮರಣದ ಬಳಿಕ ಆಸ್ತಿಗಾಗಿ ನಡೆಯುವ ಸಂಚು ಕಥಾವಸ್ತು. ಆದರೆ ನೆನಪಿನಲ್ಲಿ ಉಳಿಯುವವರು ನಡುನಡುವೆ ಕಾರಂಜಿಯ ಸುತ್ತ ಬಟ್ಟೆ ಒಗೆಯುತ್ತ ಆ ಮನೆಯ ಸುದ್ದಿಯನ್ನೇ ಆಡಿಕೊಳ್ಳುವ ಹೆಂಗಸರು. ಗತಿ ನಿಧಾನವೆಂಬುದನ್ನು ಮುಚ್ಚಿಡುವುದಿಲ್ಲ.

ಉತ್ತರ 3

ಗತಿ ನಿಧಾನವಾದರೆ ‘ಗಾಳಿಯ ಚದುರಂಗ’ವನ್ನು ಮೊದಲಿಗೇ ಸೂಚಿಸಬಾರದು. ಇರಾನಿನ ಕವಯಿತ್ರಿ ಫರೂಗ್ ಫರೊಖ್‌ಜಾದ್ ಅವರ ‘ಖಾನೆ ಸಿಯಾಹ್ ಅಸ್ತ್’ (ಮನೆ ಕಪ್ಪಾಗಿದೆ) ಕೇವಲ 20 ನಿಮಿಷಗಳಷ್ಟಿದೆ. ತಬ್ರೀಜ್ ಬಳಿಯ ಕುಷ್ಠರೋಗಿಗಳ ವಸತಿಯಲ್ಲಿ ಚಿತ್ರಿಸಿದ ಈ ಸಾಕ್ಷ್ಯಚಿತ್ರ, ಕರುಣೆಯನ್ನು ಬೇಡದೆ, ಆ ಮುಖಗಳನ್ನು ನೇರವಾಗಿ ನೋಡುವಂತೆ ಮಾಡುತ್ತದೆ. ಹಿನ್ನೆಲೆಯಲ್ಲಿ ಫರೂಗ್ ಅವರ ದನಿಯೂ ಕೇಳುತ್ತದೆ. 1967ರಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ಅಪಘಾತದಲ್ಲಿ ತೀರಿಕೊಂಡರು.

ಹಿಮ ಮತ್ತು ಯುದ್ಧದ ಚಿತ್ರ ಬೇಕಿದ್ದರೆ ಸೋವಿಯತ್ ನಿರ್ದೇಶಕಿ ಲಾರಿಸಾ ಶೆಪಿಟ್ಕೊ ಅವರ ‘ವಸ್ಖಜ್‌ದೇನಿಯೆ’ (ಆರೋಹಣ, 1977) ಇದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ‘ಮನೆ ಕಪ್ಪಾಗಿದೆ’ಯಿಂದಲೇ ತೊಡಗುತ್ತೇನೆ. ‘ಗಾಳಿಯ ಚದುರಂಗ’ದ ಹಳೆಯ ಪ್ರತಿಯೊಂದು ಸಿಕ್ಕಿದೆ, ಅದು ಸಾಕಾಗುವುದೇ?

ಉತ್ತರ 2

ಸಾಕಾಗದು. ಮೇಣದಬತ್ತಿ, ದೀಪಗಳ ಬೆಳಕನ್ನೇ ನೆಚ್ಚಿದ ದೃಶ್ಯಗಳಿರುವ ಚಿತ್ರವದು. ಹಳೆಯ ವಿಡಿಯೊ ಪ್ರತಿಯಲ್ಲಿ ಕತ್ತಲೆಯೊಂದೇ ಕಾಣುತ್ತದೆ. 2020ರ ಪ್ರತಿ ದೊರೆಯುವವರೆಗೆ ಕಾಯಿರಿ.