ಕಾರವಾರಕ್ಕೆ ಹೊಸಬರು: ಓಣಿಯ ಊಟದ ಮನೆ, ಸಾದಾ ಬಾರ್ ಹುಡುಕುವುದು ಹೇಗೆ?

ಬಯಲುಸೀಮೆ_ರೊಟ್ಟಿ

ಮುಂದಿನ ತಿಂಗಳು ದಾವಣಗೆರೆಯಿಂದ ಕಾರವಾರಕ್ಕೆ ವರ್ಗ. ಮನೆ ಕಾಜುಬಾಗದ ಕಡೆ ನೋಡಿಯಾಗಿದೆ. ಮನೆಯಲ್ಲಿ ಒಂದೇ ಹೊತ್ತು ಒಲೆ, ಉಳಿದದ್ದು ಹೊರಗೆ. ಫೋನಿನಲ್ಲಿ ಹುಡುಕಿದರೆ ಹೆದ್ದಾರಿ ಬದಿಯ ದೊಡ್ಡ ಹೋಟೆಲು, ಬೀಚ್ ರೆಸಾರ್ಟುಗಳೇ ಮೇಲೆ ಬರುತ್ತವೆ. ಅವು ಬೇಡ. ಓಣಿಯವರು ದಿನಾ ಹೋಗುವ ಊಟದ ಮನೆ ಬೇಕು, ವಾರಕ್ಕೊಮ್ಮೆ ಒಂದು ಬಿಯರ್ ಇಟ್ಟುಕೊಂಡು ಗಲಾಟೆಯಿಲ್ಲದೆ ಕೂರುವ ಸಾದಾ ಬಾರ್ ಬೇಕು. ಮೀನು ತಿನ್ನುತ್ತೇನೆ, ಆದರೆ ಕೆರೆಮೀನು ಬಿಟ್ಟರೆ ಯಾವುದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ಕೊಂಕಣಿಯೂ ಬಾರದು. ಹದಿನೈದು ದಿನಕ್ಕೊಮ್ಮೆ ಸಿರ್ಸಿಗೂ ಹೋಗಬೇಕು, ಜೊತೆಗೆ ಬರುವವರು ಶುದ್ಧ ಸಸ್ಯಾಹಾರಿ. ಹೋಟೆಲ್ ಹೆಸರಿಗಿಂತ ಹುಡುಕುವ ಉಪಾಯ ಹೇಳಿದರೆ ಉಪಕಾರ.

ಕೋಡಿಬಾಗ_ಕಟ್ಟೆ

ಹೆಸರು ಕೇಳದೆ ಉಪಾಯ ಕೇಳಿದ್ದು ಒಳ್ಳೇದಾಯಿತು. ಹೋಟೆಲಿನ ಬೋರ್ಡು ವರ್ಷಗಟ್ಟಲೆ ಅದೇ ಇರುತ್ತದೆ, ಒಳಗಿನ ಅಡುಗೆಯವ ಯಾವಾಗ ಬದಲಾದ ಅಂತ ಯಾರೂ ಬರೆದು ಹಾಕುವುದಿಲ್ಲ.

ಮೊದಲು ಬೋರ್ಡಿನ ಮಾತು ತಿಳಿದುಕೊಳ್ಳಿ. ‘ಮಿಲಿಟರಿ ಹೋಟೆಲ್’ ಅನ್ನುವುದು ಹಳೇ ಮೈಸೂರು ಕಡೆಯ ಮಾತು. ಕಾರವಾರದಲ್ಲಿ ಅದನ್ನು ಕೇಳಿದರೆ ಅರ್ಗಾದ ನೌಕಾನೆಲೆ ತೋರಿಸಿಯಾರು. ಇಲ್ಲಿ ಮೀನೂಟಕ್ಕೆ ‘ಲಂಚ್ ಹೋಮ್’ ಅಥವಾ ‘ಖಾನಾವಳಿ’. ಫೋನಿನಲ್ಲಿ ಹುಡುಕುವಾಗಲೂ ‘ರೆಸ್ಟೋರೆಂಟ್’ ಬಿಟ್ಟು ಈ ಎರಡು ಶಬ್ದ ಹಾಕಿ. ಬಂದ ಪಟ್ಟಿಯಲ್ಲಿ ನಕ್ಷತ್ರ ಎಣಿಸಬೇಡಿ, ಅದರಲ್ಲಿ ಅರ್ಧ ಗೋವಾಕ್ಕೆ ಹೋಗಿ ಬರುವ ಪ್ರವಾಸಿಗರದ್ದು. ಹೊಸ ಅಭಿಪ್ರಾಯಗಳನ್ನು ಮೇಲೆ ತಂದು, ಊಟದ ತಟ್ಟೆಯ ಫೋಟೋ ಮಾತ್ರ ನೋಡಿ.

ಎರಡನೆಯದು, ಗಡಿಯಾರ. ಕಾರವಾರದ ಊಟ ಮೀನಿನ ಹೊತ್ತಿಗೆ ಕಟ್ಟಿದ್ದು. ಬೆಳಿಗ್ಗೆ ಬೈತಖೋಲ ಬಂದರಿನಿಂದಲೂ ದಂಡೆಯ ದೋಣಿಗಳಿಂದಲೂ ಪೇಟೆಗೆ ಬಂದ ಮೀನು ಮಧ್ಯಾಹ್ನದ ಸಾರಾಗುತ್ತದೆ. ಹನ್ನೆರಡೂವರೆಗೆ ಹೋದರೆ ಬೇಕಾದ ಮೀನು ಇರುತ್ತದೆ. ಕಚೇರಿ, ಕೋರ್ಟಿನವರ ಬಿಡುವು ಶುರುವಾದ ಮೇಲೆ ಜಾಗ ಇರುವುದಿಲ್ಲ, ಎರಡೂವರೆ ನಂತರ ಒಳ್ಳೇದೆಲ್ಲ ಖಾಲಿ. ಖಾಲಿಯಾಗುವುದೇ ಒಳ್ಳೆಯ ಲಕ್ಷಣ. ಎರಡೂವರೆಗೆ ನೀವು ಕೇಳಿದ ಮೂರರಲ್ಲಿ ಎರಡು ಮೀನಿಗೆ ‘ಮುಗೀತು’ ಅಂದರೆ ಮರುದಿನ ಬೇಗ ಅಲ್ಲಿಗೇ ಹೋಗಿ. ಸಂಜೆ ನಾಲ್ಕಕ್ಕೂ ಹನ್ನೆರಡು ಬಗೆ ಮೀನು ಸಿಗುವ ಕಡೆ ಫ್ರೀಜರ್ ದೊಡ್ಡದಿದೆ, ಅಷ್ಟೇ.

ಮೂರನೆಯದು, ಕೇಳುವುದು ಯಾರನ್ನು. ಲಾಡ್ಜಿನ ಹುಡುಗರನ್ನು ಬೇಡ. ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗಿ ಮಾರುವವರನ್ನೇ ಕೇಳಿ: “ಬಾಯಿ, ಯಾವ ಹೋಟೆಲಿನವರು ದಿನಾ ನಿಮ್ಮ ಹತ್ರ ತಗೊಳ್ತಾರೆ?” ಎರಡು ಮೂರು ಕಡೆ ಕೇಳಿದರೆ ಒಂದೆರಡು ಹೆಸರು ಮತ್ತೆ ಮತ್ತೆ ಬರುತ್ತವೆ. ‘ಯಾವುದು ಚಲೋ’ ಅಂತ ಕೇಳಿದರೆ ಎಲ್ಲ ಚಲೋ ಅನ್ನುತ್ತಾರೆ. ‘ಯಾರು ದಿನಾ ತಗೊಳ್ತಾರೆ’ ಅನ್ನುವುದಕ್ಕೆ ಸುಳ್ಳು ಹೇಳುವ ಕಾರಣವಿಲ್ಲ. ಕನ್ನಡ ಎಲ್ಲರಿಗೂ ಬರುತ್ತದೆ. ಹೋಟೆಲಿನಲ್ಲಿ ಮಾತ್ರ “ಆಜ್ ನುಸ್ತೆ ಕಿತೆ?” (ಇವತ್ತು ಮೀನು ಯಾವುದು?) ಅಂತ ಒಂದು ಮಾತು ಕೊಂಕಣಿ ಆಡಿದರೆ ಮಾಣಿ ನಗುತ್ತಾನೆ, ಆಮೇಲೆ ನಿಜ ಹೇಳುತ್ತಾನೆ.

ಹೆಸರುಗಳು: ತಾರ್ಲೆ ಅಂದರೆ ಮಂಗಳೂರಿನವರ ಬೂತಾಯಿ. ಇಸವಾಣ ಅಂದರೆ ಅಂಜಲ್. ನೊಗ್ಲಿ ಅಂದರೆ ಕಾಣೆ. ಶೆಟ್ಲಿ ಸಿಗಡಿ. ತಿಸರೆ ಚಿಪ್ಪಿನದು, ಕುಮಟೆ, ಅಘನಾಶಿನಿ ಕಡೆ ಬಳಚು ಅನ್ನುತ್ತಾರೆ. ಬಂಗಡೆ ಎಲ್ಲ ಕಡೆ ಬಂಗಡೆಯೇ.

ದುಡ್ಡಿನ ವಿಷಯ ಒಂದೇ. ಥಾಲಿಯ ದರ ಗೋಡೆಯ ಮೇಲಿರುತ್ತದೆ: ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಕೆಲವು ಕಡೆ ಒಣ ಶೆಟ್ಲಿಯ ಕಿಸ್ಮೂರು, ಕೋಕಂ ಹುಳಿಯ ಸೋಲ್ ಕಡಿ. ಫ್ರೈ ಅದರಲ್ಲಿ ಸೇರಿಲ್ಲ, ಅದರ ದರ ಮೀನಿನ ಗಾತ್ರದ ಮೇಲೆ. ಇಸವಾಣ, ಪಾಪ್ಲೆಟ್ ಹೇಳುವ ಮೊದಲು ತುಂಡು ತೋರಿಸಲು ಹೇಳಿ, ದರ ಬಾಯಲ್ಲಿ ಹೇಳಿಸಿಕೊಳ್ಳಿ. ಜಗಳ ಆಗುವುದೆಲ್ಲ ಇದೊಂದರಲ್ಲೇ.

ತಿರ್ಫಳ

ಕಟ್ಟೆಯವರು ಹೇಳಿದ್ದು ಸರಿ, ಆದರೆ ಮಸಾಲೆ ಹಚ್ಚಿಟ್ಟ ಮೀನಿನ ತಟ್ಟೆ ನೋಡುವುದು ಹೇಗೆ ಅಂತ ಹೇಳಲಿಲ್ಲ.

ಕೆಂಪು ಮಸಾಲೆಯೊಳಗೆ ಮೀನಿನ ಬಣ್ಣ ಕಾಣುವುದಿಲ್ಲ, ಹೊಟ್ಟೆ ಕಾಣುತ್ತದೆ. ಬಂಗಡೆ, ತಾರ್ಲೆಯ ಹೊಟ್ಟೆ ಒಡೆದು ಅಂಚು ಲೋಳೆಯಾಗಿದ್ದರೆ ಬೇಡ. ಹಿಡಿದ ಮೇಲೆ ಹೊತ್ತು ಮೀರಿದರೆ ಒಳಗಿನ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸುತ್ತದೆ. ಕೊಯ್ದು ಸ್ವಚ್ಛ ಮಾಡಿದ ಅಂಚು ಬೇರೆ, ಅದು ನೇರವಾಗಿರುತ್ತದೆ. ತಟ್ಟೆಗೆ ಬಂದ ಮೇಲೆ ಬೆನ್ನಿನ ಗೀರಿಗೆ ಬೆರಳು ಹಾಕಿ. ತಾಜಾ ಮೀನು ಎಸಳೆಸಳಾಗಿ ಮುಳ್ಳು ಬಿಟ್ಟು ಬರುತ್ತದೆ; ಹಳತು ಹಿಟ್ಟಿನಂತೆ ಮುಳ್ಳಿಗೇ ಅಂಟಿಕೊಳ್ಳುತ್ತದೆ. ರವಾ ಫ್ರೈ ರುಚಿಯೇನೋ ಹೌದು, ಆದರೆ ಹಳೇ ಮೀನು ಮುಚ್ಚಲು ಅದಕ್ಕಿಂತ ಒಳ್ಳೆ ಹೊದಿಕೆ ಇಲ್ಲ. ಹೊಸ ಜಾಗದಲ್ಲಿ ಮೊದಲ ದಿನ ಬರೀ ಮಸಾಲೆಯ ತವಾ ಫ್ರೈ ಹೇಳಿ. ನಂಬಿಕೆ ಬಂದ ಮೇಲೆ ರವೆ.

ರಾತ್ರಿಯ ಊಟಕ್ಕೆ ಲೆಕ್ಕ ಬೇರೆ. ಮಧ್ಯಾಹ್ನ ಉಳಿದದ್ದಕ್ಕೆ ಮಸಾಲೆ ಹಚ್ಚಿ ಸಂಜೆಗೆ ಇಡುವುದು ಎಲ್ಲ ಕಡೆ ಇದ್ದದ್ದೇ, ಐಸಿನಲ್ಲಿಟ್ಟರೆ ಅಡ್ಡಿಲ್ಲ. ಹೊರಗೆ ಸೆಕೆಯಲ್ಲಿಟ್ಟರೆ ಬಂಗಡೆ, ತಾರ್ಲೆ, ಟ್ಯೂನಾ ಜಾತಿಯ ಕೇದರದಂಥ ಕಪ್ಪು ಮಾಂಸದ ಮೀನಿನಲ್ಲಿ ಹಿಸ್ಟಮಿನ್ ಅನ್ನುವ ವಿಷ ಬೆಳೆಯುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ, ವಾಸನೆಯೂ ಬರಬೇಕೆಂದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಬಾಯಿ ಚುರುಗುಟ್ಟಿ, ಮುಖ ಕೆಂಪಾಗಿ, ತಲೆನೋವು, ಮೈಮೇಲೆ ದದ್ದು. ಹಾಗಾದರೆ ತಟ್ಟೆ ಬಿಟ್ಟೇಳಿ; ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆಗೆ.

ಹೊಸಬರು ತಪ್ಪು ತಿಳಿಯುವುದೂ ಇಲ್ಲೇ. ಬಂಗಡೆ ಸಾರಿನಲ್ಲಿ ನನ್ನ ಹೆಸರಿನ ಕಾಯಿ ತೇಲುತ್ತಿರುತ್ತದೆ: ಬಾಯಿ ತೆರೆದ ಕಂದು ಬಣ್ಣದ ಪುಟ್ಟ ಕಾಯಿ, ಘಟ್ಟದ ಮೇಲೆ ಜುಮ್ಮನಕಾಯಿ ಅನ್ನುತ್ತಾರೆ. ಅದು ಪರಿಮಳಕ್ಕೆ, ಜಗಿಯುವುದಕ್ಕಲ್ಲ. ಜಗಿದರೆ ನಾಲಿಗೆ ಜುಮ್ಮೆಂದು ಮರಗಟ್ಟಿ ಕೆಲವು ನಿಮಿಷಕ್ಕೆ ಸರಿಹೋಗುತ್ತದೆ, ಹೆದರಬೇಡಿ. ಸಾರಿನಲ್ಲಿ ಚುರುಗುಟ್ಟಿದರೆ ತಿರ್ಫಳ ಹುಡುಕಿ. ಫ್ರೈಯಲ್ಲಿ ಚುರುಗುಟ್ಟಿದರೆ ಅಲ್ಲಿ ತಿರ್ಫಳ ಇರುವುದಿಲ್ಲ, ಮೀನನ್ನೇ ಅನುಮಾನಿಸಿ.

ತಿಸರೆ ಸುಕ್ಕಾ ಬಂದರೆ ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಬದಿಗಿಡಿ, ಬಲವಂತವಾಗಿ ತೆರೆಯಬೇಡಿ. ಹಲ್ಲಿಗೆ ಮರಳು ಸಿಕ್ಕಿದರೆ ಉಪ್ಪುನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟಿಲ್ಲ ಅಂತ ಅರ್ಥ. ಅಷ್ಟು ತಾಳ್ಮೆಯಿಲ್ಲದ ಅಡುಗೆಮನೆಗೆ ಮತ್ತೆ ಹೋಗುವ ಅಗತ್ಯವಿಲ್ಲ.

ನೈಂಟಿ_ಮಾತ್ರ

ಬಾರಿನ ಪ್ರಶ್ನೆಗೆ ಯಾರೂ ಕೈಹಾಕಲಿಲ್ಲ.

ಬೋರ್ಡಿನ ಮೂಲೆಯಲ್ಲಿ ಪರವಾನಗಿಯ ಬಗೆ ಬರೆದಿರುತ್ತದೆ, ಮೊದಲು ಅದನ್ನು ಓದಿ. ಸಿಎಲ್-2 ಅಂದರೆ ವೈನ್ ಶಾಪ್: ಎಂಆರ್‌ಪಿಗೆ ಕೊಂಡು ಹೋಗುವುದು, ಅಲ್ಲೇ ಕೂತು ಕುಡಿಯುವಂತಿಲ್ಲ. ಸರ್ಕಾರದ ಎಂಎಸ್‌ಐಎಲ್ ಮಳಿಗೆಯೂ ಹಾಗೇ. ಸಿಎಲ್-9 ಅಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್, ಕೂತು ಕುಡಿಯಲು. ದರ ಎಂಆರ್‌ಪಿಗಿಂತ ಹೆಚ್ಚು, ಸೀಲ್ ಬಾಟಲಿ ಪಾರ್ಸೆಲ್ ಇಲ್ಲ. ಸಿಎಲ್-7 ಅಂದರೆ ಲಾಡ್ಜಿನ ಜೊತೆಗಿರುವ ಬಾರ್. ನಿಮಗೆ ಬೇಕಾದದ್ದು ಸಿಎಲ್-9, ಅದೂ ಅಡುಗೆಮನೆ ನಿಜವಾಗಿ ನಡೆಯುವಂಥದ್ದು.

ಅದು ಗೊತ್ತಾಗುವುದು ಹೀಗೆ. ಏಳು ಗಂಟೆಗೆ ಒಳಗೆ ಹೋಗಿ ಮೇಜುಗಳ ಮೇಲೆ ಕಣ್ಣಾಡಿಸಿ. ನಾಲ್ಕರಲ್ಲಿ ಎರಡು ಮೇಜಿನ ಮೇಲಾದರೂ ಊಟದ ತಟ್ಟೆ ಇದ್ದರೆ ಅದು ಓಣಿಯ ಬಾರ್; ಮೀನೂಟಕ್ಕೆ ಬಂದವರೂ ಕೂರುತ್ತಾರೆ, ಗಲಾಟೆ ಕಡಿಮೆ. ಎಲ್ಲ ಮೇಜಿನ ಮೇಲೂ ಗ್ಲಾಸು, ಪ್ಯಾಕೆಟ್ ಶೇಂಗಾ ಮಾತ್ರ ಕಂಡರೆ ಒಂಬತ್ತರ ಮೇಲೆ ದನಿ ಏರುತ್ತದೆ. ‘ಫ್ಯಾಮಿಲಿ ರೂಮ್’ ಬೋರ್ಡು ನಂಬಬೇಡಿ, ಒಳಗೆ ಫ್ಯಾಮಿಲಿ ಇದೆಯೋ ನೋಡಿ.

ಬಿಯರ್ 650 ಎಂಎಲ್ ಬಾಟಲಿಯದೋ 330ರದ್ದೋ ಅಂತ ಮೊದಲೇ ಹೇಳಿ. ಬರೀ ‘ಒಂದು ಬಿಯರ್’ ಅಂದರೆ ದೊಡ್ಡದು, ಅದೂ ಸ್ಟ್ರಾಂಗ್ ಬರುತ್ತದೆ. ಮುಚ್ಚಳ ನಿಮ್ಮೆದುರೇ ತೆಗೆಯಲಿ. ಹಾರ್ಡ್ ಡ್ರಿಂಕ್ಸ್ ಆದರೆ 90 ಅಥವಾ 180ರ ಸೀಲ್ ಪ್ಯಾಕ್ ಕೇಳುವುದು ವಾಸಿ, ಪೆಗ್ ಅಳತೆಯ ಜಗಳ ಇಲ್ಲ.

ಬಿಲ್ಲಿನಲ್ಲಿ ಒಂದು ಕಣ್ಣಿರಲಿ. ಜಿಎಸ್‌ಟಿ ಊಟಕ್ಕೆ ಮಾತ್ರ, ಮದ್ಯಕ್ಕಿಲ್ಲ. ಎರಡನ್ನೂ ಕೂಡಿಸಿ ಅದರ ಮೇಲೆ ಶೇ 5 ಹಾಕಿದ್ದರೆ ಬೇರೆ ಮಾಡಿಸಿ. ಚಿಕ್ಕ ಹೋಟೆಲು ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ (ಒಟ್ಟು ವ್ಯಾಪಾರದ ಮೇಲೆ ಮಾಲೀಕರೇ ತೆರಿಗೆ ಕಟ್ಟುವುದು) ಗಿರಾಕಿಯಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವಂತೆಯೇ ಇಲ್ಲ.

ನಂಚಿಕೊಳ್ಳಲು ಹುರಿದ ಶೆಟ್ಲಿ ಹೇಳಿ. ಗೋಬಿ ಮಂಚೂರಿ ತಿನ್ನಲು ಘಟ್ಟ ಇಳಿದು ಬರಬೇಕಿತ್ತೇ?

ಯಲ್ಲಾಪುರ_ನಾಕಾ

ಸಿರ್ಸಿಯದ್ದು ನಾನು ಹೇಳುತ್ತೇನೆ. ಸಸ್ಯಾಹಾರಿ ಜೊತೆಗಿದ್ದರೆ ಸಿರ್ಸಿಯಲ್ಲಿ ಕಷ್ಟವೇ ಇಲ್ಲ. ಕಷ್ಟ ಇರುವುದು ಹವ್ಯಕರ ಮನೆ ಅಡುಗೆ ಹೋಟೆಲಿನಲ್ಲಿ ಹುಡುಕುವುದರಲ್ಲಿ. ಬಸ್ ನಿಲ್ದಾಣದ ಸುತ್ತಲಿನ ‘ಊಟ’ ಊರೂರಿನ ಊಟವೇ: ಚಪಾತಿ, ಸಾಂಬಾರು, ಹಪ್ಪಳ. ದೇವಿಕೆರೆ, ಸಿ.ಪಿ. ಬಜಾರದ ಒಳರಸ್ತೆಗಳಲ್ಲಿ ನಡೆಯಿರಿ. ಕೂರುವ ಮೊದಲು ಒಂದೇ ಪ್ರಶ್ನೆ: “ಇವತ್ತು ತಂಬುಳಿ ಯಾವುದರದ್ದು?” ಒಂದೆಲಗ, ಮಜ್ಜಿಗೆ ಸೊಪ್ಪು, ನೆಲ್ಲಿ ಅಂತ ತಡವರಿಸದೆ ಉತ್ತರ ಬಂದರೆ ಕೂರಿ. “ತಂಬುಳಿ ಇದೆ, ಬನ್ನಿ” ಅಂದರೆ ಬರೀ ಮಜ್ಜಿಗೆಗೆ ಒಗ್ಗರಣೆ.

ಅಪ್ಪೆಹುಳಿ ಮಾರ್ಚಿನಿಂದ ಮೇ ತನಕ ಹಸಿ ಮಾವಿನಕಾಯಿಯದು, ಆಮೇಲೆ ಉಪ್ಪಿನಲ್ಲಿಟ್ಟದ್ದರದು. ಅನ್ನಕ್ಕೂ ಆಯಿತು, ಲೋಟದಲ್ಲಿ ಕುಡಿಯಲೂ ಆಯಿತು. ಕಡೆಗೆ ಒಂದು ಲೋಟ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಬೆಳಗಿನ ತಿಂಡಿಗೆ ಬನ್ಸು, ಅವಲಕ್ಕಿ ಹತ್ತರೊಳಗೆ. ಚಾ ಬೇಡವಾದರೆ ಕಷಾಯ ಕೇಳಿ, ಕೊತ್ತಂಬರಿ-ಜೀರಿಗೆ ಪುಡಿ, ಹಾಲು, ಬೆಲ್ಲದ್ದು.

ತೊಡದೇವು ಪ್ಯಾಕೆಟ್ ಕೊಳ್ಳುವಾಗ ಮೆಲ್ಲಗೆ ಒತ್ತಿ ನೋಡಿ. ಕಾದ ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು ಕಲಸಿದ ತೆಳು ಹಿಟ್ಟನ್ನು ಬಟ್ಟೆಯಲ್ಲಿ ಎಳೆದು ಮಾಡುವುದು, ಕಾಗದದಷ್ಟು ತೆಳು. ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಬಗ್ಗಿದರೆ ಬೇಡ, ಚುರುಕ್ ಅಂದರೆ ತಗೊಳ್ಳಿ. ಕಾರವಾರಕ್ಕೆ ಒಯ್ಯುವುದಾದರೆ ಸ್ಟೀಲ್ ಡಬ್ಬಿ ಬೇಕು, ಕೆಳಗಿನ ಹಸಿ ಹವೆಗೆ ಒಂದು ರಾತ್ರಿಯೂ ತಡೆಯುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, 2024ರಲ್ಲಿ ಆಗಿತ್ತು. ಆ ದಿನಗಳಲ್ಲಿ ಈ ಯಾವ ಸೂತ್ರವೂ ನಡೆಯುವುದಿಲ್ಲ, ಸಿಕ್ಕಿದಲ್ಲಿ ಉಣ್ಣಿ.

ಬಯಲುಸೀಮೆ_ರೊಟ್ಟಿ

ಎಲ್ಲರಿಗೂ ಧನ್ಯವಾದ. ಎರಡು ಉಳಿಯಿತು. ನಾನು ಬರುವುದು ಜೂನ್ ಮೊದಲ ವಾರ. ಮಳೆಗಾಲದಲ್ಲೂ ಇದೇ ಲೆಕ್ಕವೇ? ಮತ್ತೆ, ಗೋವಾ ಗಡಿ ಹತ್ತಿರ, ಬಾಟಲಿ ಅಲ್ಲಿಂದಲೇ ತರುತ್ತಾರೆ ಅಂತ ಕೇಳಿದ್ದೇನೆ.

ಕೋಡಿಬಾಗ_ಕಟ್ಟೆ

ಅಯ್ಯೋ ಮಾರಾಯ್ರೆ, ಸರಿಯಾಗಿ ಬಂದ್ ಹೊತ್ತಿಗೇ ಬರ್ತಾ ಇದ್ದೀರಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆಗ ಪೇಟೆಯಲ್ಲಿರುವುದು ನಾಡದೋಣಿಯವರ ಅಷ್ಟಿಷ್ಟು, ಕಾಳಿ ನದಿಯದ್ದು, ಕೆರೆಯ ಸಿಗಡಿ, ಮತ್ತೆ ಹೊರಗಿನಿಂದ ಬಂದ ಐಸ್ ಮೀನು. ದರ ಏರುತ್ತದೆ. ಆ ಎರಡು ತಿಂಗಳು ದೊಡ್ಡ ಇಸವಾಣದ ಆಸೆ ಬಿಡಿ. ಒಣಮೀನಿನ ಕಾಲ ಅದು: ಒಣ ಶೆಟ್ಲಿ ಹುರಿದು, ತೆಂಗಿನತುರಿ, ಈರುಳ್ಳಿ, ಹುಳಿ ಸೇರಿಸಿದ ಕಿಸ್ಮೂರು, ಕುಚಲಕ್ಕಿ ಗಂಜಿ. ಆಗಲೂ ಬೋರ್ಡಿನಲ್ಲಿ ಹತ್ತು ಮೀನಿನ ಹೆಸರು ಬರೆದಿರುವ ಕಡೆ ಒಳಗೆ ಹೋಗಬೇಡಿ. ಆಗಸ್ಟಿನಲ್ಲಿ ದೋಣಿ ಇಳಿದರೂ ಶ್ರಾವಣ ಹಿಡಿಯುವ ಮನೆಗಳು ಬಹಳ. ಗಿರಾಕಿ ಕಡಿಮೆ, ಮೀನು ಧಾರಾಳ. ನಿಮ್ಮಂಥವರಿಗೆ ಅದೇ ಒಳ್ಳೆಯ ತಿಂಗಳು. ಚೌತಿಯ ದಿನ ಮಾತ್ರ ಲಂಚ್ ಹೋಮ್‌ಗಳಿಗೆ ಬೀಗ, ಮನೆಯಲ್ಲಿ ಅಕ್ಕಿ ಇಟ್ಟುಕೊಳ್ಳಿ.

ನೈಂಟಿ_ಮಾತ್ರ

ಬಾಟಲಿ ತರಬೇಡಿ. ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಲೇಬಲ್ಲಿನ ಮೇಲೇ ಇರುತ್ತದೆ. ಪರವಾನಗಿ ಇಲ್ಲದೆ ಗಡಿಯ ಮಾಜಾಳಿ ದಾಟಿಸಿದರೆ ಅಬಕಾರಿ ಕೇಸು, ಗಾಡಿಯೂ ಹೋಗುತ್ತದೆ. ಗಡಿಯಾಚೆ ಗೋವಾದ ಪೋಳೆಯಲ್ಲಿ ಕೂತು ಕುಡಿದು ಬರುವುದು ಬೇರೆ ವಿಷಯ, ಆದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರಬಾರದು: 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರದ ತನಕ ದಂಡ, ಜೈಲೂ ಆಗಬಹುದು. ಗೇರುಹಣ್ಣಿನ ಹುರ್ರಾಕ್ ಕುಡಿಯುವ ಆಸೆಯಿದ್ದರೆ ಬೇಸಿಗೆಯಲ್ಲಿ ಮಾತ್ರ, ಮೇ ದಾಟಿದರೆ ಮುಗಿಯಿತು. ಆ ಲೆಕ್ಕದಲ್ಲೂ ನೀವು ತಡ ಮಾಡಿದಿರಿ.