ಪಿತ್ತಕೋಶದ ಕಲ್ಲು ಮತ್ತು ಹಿಗ್ಗಿದ ಪಿತ್ತನಾಳ: ಕ್ಯಾನ್ಸರ್ ಭಯ ಎಷ್ಟು ನಿಜ?

ಪ್ರಶ್ನೆ (ಕಾಪು, ಉಡುಪಿ):
ನನ್ನ ಅಮ್ಮನಿಗೆ 58 ವರ್ಷ. ಊಟವಾದ ಮೇಲೆ ಬಲಪಕ್ಕೆಯಲ್ಲಿ ನೋವು ಬರುತ್ತಿದ್ದುದರಿಂದ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ 14 ಮಿಲಿಮೀಟರಿನ ಕಲ್ಲಿದೆ, ಪಿತ್ತನಾಳ ಹಿಗ್ಗಿದಂತಿದೆ ಎಂದು ವರದಿ ಹೇಳುತ್ತದೆ. ಕಲ್ಲು ಮುಂದೆ ಕ್ಯಾನ್ಸರ್ ಆಗುತ್ತದೆಂದು ಪಕ್ಕದ ಮನೆಯವರು ಹೇಳಿದಂದಿನಿಂದ ಅಮ್ಮ ಗಂಜಿಯನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮಂಗಳೂರು):
ಪಿತ್ತಕೋಶದ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಕಲ್ಲು ಇರುತ್ತದೆ ನಿಜ. ಆದರೆ ಕಲ್ಲಿರುವವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಇದನ್ನು ಅಮ್ಮನಿಗೆ ಮೊದಲು ಹೇಳಿ. ಕಲ್ಲು 3 ಸೆಂಟಿಮೀಟರ್ ಮೀರಿದಾಗ ಅಥವಾ 1 ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್ (ಪಿತ್ತಕೋಶದ ಒಳಗೋಡೆಯಲ್ಲಿ ಬೆಳೆಯುವ ಗಂಟು) ಕಂಡಾಗ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ.

ನನ್ನ ಗಮನ ಕಲ್ಲಿಗಿಂತ ನಾಳದ ಮೇಲಿದೆ. ಕೆಲವರಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಹುಟ್ಟಿನಿಂದಲೇ ಸಣ್ಣ ಕರುಳಿನ ಗೋಡೆಯನ್ನು ತಲುಪುವ ಮೊದಲೇ ಕೂಡಿಕೊಂಡಿರುತ್ತವೆ. ಆಗ ಮೇದೋಜೀರಕ ರಸವು ಹಿಮ್ಮುಖವಾಗಿ ಹರಿದು ಪಿತ್ತಕೋಶದ ಒಳಪದರವನ್ನು ವರ್ಷಗಟ್ಟಲೆ ಕೆರಳಿಸುವುದರಿಂದ, ಕಲ್ಲೇ ಇಲ್ಲದವರಲ್ಲೂ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ನಾಳಕ್ಕೆ ಕಲ್ಲು ಜಾರಿದ್ದರೂ ಅದು ಹಿಗ್ಗಬಹುದು. ಯಾವುದೆಂದು ತಿಳಿಯಲು ಎಂ.ಆರ್.ಸಿ.ಪಿ. (ಈ ನಾಳಗಳ ಚಿತ್ರ ತೆಗೆಯುವ ಎಂ.ಆರ್.ಐ.) ಸ್ಕ್ಯಾನ್ ಬೇಕೇ ಎಂದು ತಜ್ಞರನ್ನು ತಪ್ಪದೆ ಕೇಳಿ.

ಉತ್ತರ 2 (ಮಣಿಪಾಲ):
ಹಳೆಯ ಟೈಫಾಯ್ಡ್ ಸೋಂಕು ಪಿತ್ತಕೋಶದಲ್ಲೇ ಉಳಿದುಕೊಂಡಿರುವುದು, ಬೊಜ್ಜು, ಹೆಚ್ಚುವ ವಯಸ್ಸು ಇವೂ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಕಾರಣಗಳೇ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ನಮ್ಮ ಕರಾವಳಿಗಿಂತ ಗಂಗಾ ಬಯಲಿನಲ್ಲಿ ಈ ರೋಗ ಬಹಳ ಹೆಚ್ಚಾಗಿ ಕಾಣುತ್ತದೆ.

ಉತ್ತರ 3 (ಉಡುಪಿ):
ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ ಅಥವಾ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.