ಚಟ್ಟೋಗ್ರಾಮ್‌ನಿಂದ ಇಂಗಾಟ್ ಮೋಲ್ಡ್‌ಗೆ ಆರ್ಡರ್ ಕೇಳಿದ್ದಾರೆ, ಕಳಿಸಬಹುದಾ?

ಉದ್ಯಮಬಾಗ್ ಎರಕ:
ಬೆಳಗಾವಿಯಲ್ಲಿ ನಮ್ಮದು ಸಣ್ಣ ಫೌಂಡ್ರಿ. ಮೊದಲಿಂದ ಪಂಪ್ ಬಾಡಿ ಎರೆಯುತ್ತಿದ್ದೆವು. ಎರಡು ವರ್ಷದಿಂದ ಕೊಪ್ಪಳ ಕಡೆಯ ಫರ್ನೇಸ್‌ಗಳಿಗೆ ಬೀಡಿನ ಇಂಗಾಟ್ ಮೋಲ್ಡ್, ಅಂದರೆ ಕರಗಿದ ಉಕ್ಕನ್ನು ಸುರಿದು ಗಟ್ಟಿ ಮಾಡುವ ಅಚ್ಚು, ಕೊಡುತ್ತಿದ್ದೇವೆ. ಹೋದ ವಾರ ಬಾಂಗ್ಲಾದೇಶದ ಒಂದು ಮಿಲ್‌ನಿಂದ ಮೇಲ್ ಬಂತು. 40 ಮೋಲ್ಡ್ ಬೇಕಂತೆ, ಉಕ್ಕನ್ನು ಒತ್ತಿ ಕಂಬಿ ಮಾಡುವ ರೋಲ್ ಸಿಗುತ್ತಾ ಅಂತಲೂ ಕೇಳಿದ್ದಾರೆ. ರಫ್ತಿಗೆ ಬೇಕಾದ ಐಇಸಿ ನಂಬರ್ ಮಾಡಿಸಿಟ್ಟಿದ್ದೇನೆ, ಆದರೆ ಇವತ್ತಿನವರೆಗೆ ದೇಶದ ಹೊರಗೆ ಒಂದು ನಟ್ಟೂ ಕಳಿಸಿಲ್ಲ. ದುಡ್ಡು ಸರಿಯಾಗಿ ಬರುತ್ತಾ? ನಮ್ಮಪ್ಪನಂತೂ ಸಮುದ್ರದಾಚೆ ಉದ್ರಿ ಬೇಡ ಅಂತ ಕೂತಿದ್ದಾರೆ.

ಹೊಸಪೇಟೆ ಮಿಲ್ಲಿನವ:
ಸರ್, ಚಟ್ಟೋಗ್ರಾಮ್ ಹತ್ತಿರದ ಸೀತಾಕುಂಡದ ಒಂದು ರೋಲಿಂಗ್ ಮಿಲ್‌ನಲ್ಲಿ ಐದು ವರ್ಷ ಫೋರ್‌ಮನ್ ಆಗಿದ್ದೆ. ಅಲ್ಲಿ ಅದಿರಿನ ಗಣಿ ಇಲ್ಲ, ಎಲ್ಲಾ ಗುಜರಿಯ ಮೇಲೇ ನಡೆಯೋದು. ಹಳೇ ಹಡಗು ದಡಕ್ಕೆ ತಂದು ಕತ್ತರಿಸುತ್ತಾರೆ. ಅದರ ಪ್ಲೇಟನ್ನು ಕರಗಿಸದೆ, ಸುಮ್ನೆ ಕಾಯಿಸಿ ಕಂಬಿ ಎಳೆಯುವ ಸಣ್ಣ ಮಿಲ್‌ಗಳೂ ಇದ್ದವು. ಬಿಎಸ್‌ಆರ್‌ಎಂ, ಜಿಪಿಎಚ್‌ನಂಥ ದೊಡ್ಡವರದು ಬೇರೆಯೇ ಲೆಕ್ಕ.

ನೀವು ಆ ಮಿಲ್‌ನವರನ್ನು ಮೊದಲು ಕೇಳಬೇಕಾದ್ದು ಒಂದೇ: ನಿಮ್ಮಲ್ಲಿ ಸಿಸಿಎಂ (ನಿರಂತರ ಎರಕದ ಯಂತ್ರ) ಇದೆಯಾ? ಇದ್ದರೆ ಕರಗಿದ ಉಕ್ಕು ನೇರ ಬಿಲೆಟ್ (ಕಂಬಿ ಎಳೆಯುವ ಉದ್ದನೆಯ ಉಕ್ಕಿನ ತುಂಡು) ಆಗಿ ಹೊರಬರುತ್ತೆ, ನಿಮ್ಮ ಮೋಲ್ಡ್ ಯಾರಿಗೂ ಬೇಡ. ಇಲ್ಲದಿದ್ದರೂ ಇವತ್ತಲ್ಲ ನಾಳೆ ಹಾಕಿಸುತ್ತಾರೆ. ಅಲ್ಲಿ ಉದ್ಯಮ ಬೆಳೀತಿರೋದೇ ಆ ದಿಕ್ಕಿಗೆ.

ರೋಲ್‌ಗೆ ಕೈ ಹಾಕಬೇಡಿ. ಮೇಲೆ ಗಟ್ಟಿ, ಒಳಗೆ ಮೆತ್ತಗೆ ಬರುವಂತೆ ಚಿಲ್ (ಬೇಗ ತಣಿಸುವ ಲೋಹದ ಅಚ್ಚು) ಹಾಕಿ ಎರೆಯೋದು ಬೇರೆಯೇ ವಿದ್ಯೆ. ಗೈಡ್ ಬೇಕಾ ಅಂತ ಕೇಳಿ ನೋಡಿ. ಕೆಂಡದಂಥ ಕಂಬಿಯನ್ನು ರೋಲಿನ ತೋಡಿಗೆ ನೇರ ತೂರಿಸುವ ಬಾಯಿ ಅದು. ತಿಕ್ಕಿ ತಿಕ್ಕಿ ಸವೆಯುತ್ತೆ. ರಾತ್ರಿ ಪಾಳಿಯಲ್ಲಿ ಒಂದು ಗೈಡ್ ಬಿರಿದರೆ ಕಂಬಿ ಹಾವಿನ ಹಾಗೆ ಮೇಲೆದ್ದು ಶೆಡ್ ತುಂಬಾ ಹರಡಿಕೊಳ್ಳುತ್ತಿತ್ತು. ನಾವೆಲ್ಲಾ ಕಂಬದ ಹಿಂದೆ! ಮಿಲ್ ಯಾವುದೇ ಆಗಲಿ, ಗೈಡ್ ಬೇಕೇ ಬೇಕು.

ದುಡ್ಡಿನ ವಿಷಯದಲ್ಲಿ ನಿಮ್ಮಪ್ಪ ಹೇಳಿದ್ದೇ ಸರಿ. 2022ರಿಂದ ಡಾಲರ್ ಅಭಾವ ಶುರುವಾಗಿ, ಎಲ್‌ಸಿ (ದುಡ್ಡು ಕೊಡುತ್ತೇವೆ ಅಂತ ಕೊಳ್ಳುವವರ ಬ್ಯಾಂಕ್ ಕೊಡುವ ಖಾತರಿ ಪತ್ರ) ತೆರೆಯೋಕೇ ಮಾಲೀಕರು ಬ್ಯಾಂಕ್‌ಗಳಿಗೆ ಅಲೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. 2024ರ ಆಗಸ್ಟ್‌ನಲ್ಲಿ ಸರ್ಕಾರ ಬಿದ್ದ ಮೇಲೆ ಕಟ್ಟಡದ ಕೆಲಸವೂ ಮಂದ ಅಂತ ಹಳೇ ಗೆಳೆಯರು ಹೇಳುತ್ತಾರೆ. ಎಲ್‌ಸಿ ಇಲ್ಲದೆ ಒಂದು ಮೋಲ್ಡೂ ಗೇಟ್ ದಾಟಬಾರದು. ಅದೂ ನಮ್ಮ ಕಡೆಯ ಬ್ಯಾಂಕ್ ಕನ್ಫರ್ಮ್ ಮಾಡಿದ, ಅಂದರೆ ತಾನೂ ದುಡ್ಡಿಗೆ ಹೊಣೆ ಹೊತ್ತ ಎಲ್‌ಸಿ.

ಹುಬ್ಬಳ್ಳಿ ಕ್ಲಿಯರಿಂಗ್:
ಮೇಲಿನವರ ಮಾತಿಗೆ ನನ್ನದೂ ಒಂದು. 2018ರಲ್ಲಿ ಬಾಂಗ್ಲಾದೇಶ ಸರ್ಕಾರ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿತು, ಚಿಟ್ಟಗಾಂಗ್ ಹೋಗಿ ಚಟ್ಟೋಗ್ರಾಮ್ ಆಯಿತು. ನನ್ನ ಒಂದು ಕೇಸಲ್ಲಿ ಎಲ್‌ಸಿಯಲ್ಲಿ ಹೊಸ ಹೆಸರು, ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನವರು ಕೊಡುವ ಸರಕಿನ ರಸೀದಿ) ಹಳೇದು. ಬ್ಯಾಂಕಿನವರು ತಪ್ಪು ತೋರಿಸಿ 23 ದಿನ ದುಡ್ಡು ತಡೆದರು. ಎಲ್‌ಸಿಯಲ್ಲಿ ಹೇಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ ಬರೆಸಿ. ಮೋಲ್ಡ್‌ಗೆ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕು ಗುರುತಿಸುವ ಸಂಖ್ಯೆ) 8454.20, ರೋಲ್‌ಗೆ 8455.30. ಒಂದೇ ಸಾಲಲ್ಲಿ ಸೇರಿಸಬೇಡಿ. ಬಂಗಾಳದ ಗಡಿ ಠಾಣೆ ಪೆಟ್ರಾಪೋಲ್‌ವರೆಗೆ ಲಾರಿಯಲ್ಲಿ ಕಳಿಸೋದಕ್ಕಿಂತ ಮುಂಬೈ ಬಂದರಿನಿಂದ ಕಂಟೇನರ್ ವಾಸಿ, ಗಡಿಯಲ್ಲಿ ಲಾರಿ ಸಾಲು ನಿಂತರೆ ನಿಂತೇ ಇರುತ್ತೆ.

ಗಾಂಧಿನಗರ ಸ್ಟೀಲ್ಸ್:
ನೇಪಾಳ ಯಾಕೆ ನೋಡಬಾರದು? ಬೀರ್‌ಗಂಜ್ ಸುತ್ತ ಕಂಬಿ ಫ್ಯಾಕ್ಟರಿಗಳಿವೆ, ನಮ್ಮ ರೂಪಾಯಿಯಲ್ಲೇ ವ್ಯವಹಾರ ಆಗುತ್ತೆ. ಡಾಲರ್ ತಲೆನೋವಿಲ್ಲ ಅಲ್ವಾ.

ಉದ್ಯಮಬಾಗ್ ಎರಕ:
ಮಿಲ್‌ನವರಿಗೆ ಕೇಳಿದೆ. ಸಿಸಿಎಂ ಬರುವ ವರ್ಷ ಕೂರಿಸುತ್ತಾರಂತೆ! ಈಗ 40 ಬೇಡ, 15 ಮೋಲ್ಡ್ ಸಾಕಂತೆ. ಎಲ್‌ಸಿ ಕನ್ಫರ್ಮ್ ಮಾಡಿಸುವ ಖರ್ಚು ಯಾರದು ಅಂತ ಚೌಕಾಸಿ ನಡೀತಿದೆ. ಗೈಡ್‌ನ ಡ್ರಾಯಿಂಗ್ ಕಳಿಸಿದ್ದಾರೆ. ಅಪ್ಪ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿ, "ಈ ಮೂಲೆ ಇಷ್ಟು ತೆಳ್ಳಗಿದ್ರೆ ಎರಕದಲ್ಲೇ ಸೀಳ್ತದ, ಎರಡು ಎಂಎಂ ದಪ್ಪ ಮಾಡ್ಲಿಕ್ಕೆ ಹೇಳು" ಅಂದರು.